ತಾರೀಖು ತಪ್ಪಿದ ಮಳೆಗಾಲ

ಹೋದ ವಾರ ಧಾರವಾಡದಲ್ಲಿ ರಕ್ತ ಪರೀಕ್ಷೆಗೆಂದು ಒಂದು ಲ್ಯಾಬಿಗೆ ಹೋಗಿದ್ದೆ. ಹೊರಗೆ ಮಳೆ ಹಿಡಿದಿತ್ತು. ಬಾಗಿಲಲ್ಲಿ ಒದ್ದೆ ಚಪ್ಪಲಿಗಳ ರಾಶಿ. ಅಲ್ಲಿದ್ದ ಹುಡುಗಿ ನನ್ನ ಮೊಣಕೈ ಮಡಿಕೆಗೆ ಸ್ಪಿರಿಟ್ಟಿನ ಹತ್ತಿ ಉಜ್ಜಿದಳು. ಒದ್ದೆ ಚಪ್ಪಲಿಯ ವಾಸನೆಗೆ ಸ್ಪಿರಿಟ್ಟಿನ ವಾಸನೆ ಕೂಡಿದ್ದೇ ತಡ, ನಾನು ಅಲ್ಲಿರಲಿಲ್ಲ. ಸೂಜಿ ಚುಚ್ಚಿದ್ದೂ ತೆಗೆದದ್ದೂ ತಿಳಿಯಲಿಲ್ಲ. "ಮುಷ್ಟಿ ಬಿಡ್ರಿ ಅಕ್ಕಾರ, ಆತು" ಎಂದು ಆ ಹುಡುಗಿ ಎರಡು ಸಲ ಹೇಳಬೇಕಾಯಿತು.

ನಾಲ್ಕು ವರ್ಷದ ಹಿಂದೆ ನಾನು ಕಲಘಟಗಿ ತಾಲೂಕಿನ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ನಾನು ಅಣ್ಣಿಗೇರಿಯವಳು. ನಮ್ಮ ಕಡೆ ಮಳೆ ಎಂದರೆ ಎರಡು ದಿನ ಹೊಡೆದು, ಎರೆಮಣ್ಣನ್ನು ಚಪ್ಪಲಿಗೆ ಅಂಟಿಸಿ ಹೋಗಿಬಿಡುವ ಮಳೆ. ಕಲಘಟಗಿಯದು ಹಾಗಲ್ಲ. ಜೂನ್‌ನಲ್ಲಿ ಶುರುವಾದ ಜಿಟಿಜಿಟಿ ನಿಲ್ಲುವ ಮಾತೇ ಆಡಲಿಲ್ಲ. ಆಸ್ಪತ್ರೆಯ ಹಿಂದೆಯೇ ಭತ್ತದ ಗದ್ದೆಗಳು. ಕಿಟಕಿ ತೆಗೆದರೆ ಕಪ್ಪೆಗಳ ಸದ್ದು, ಮುಚ್ಚಿದರೆ ಗೋಡೆಯ ಬೂಸಿನ ವಾಸನೆ.

ಹೆಸರು ಬರೆಸುವ ಕೌಂಟರ್, ಲ್ಯಾಬ್, ವಾರ್ಡ್, ಔಷಧಿ ಕೊಡುವ ಕೋಣೆ, ಈ ನಾಲ್ಕೂ ಕಡೆಯ ಕಂಪ್ಯೂಟರುಗಳು ಒಂದು ಸರ್ವರಿಗೆ ಜೋಡಣೆಯಾಗಿದ್ದವು. ಸರ್ವರ್ ಎಂದರೆ ದೊಡ್ಡದೇನಲ್ಲ. ಹಿಂದೆ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಕೋಣೆಯೊಂದರಲ್ಲಿ ಮೇಜಿನ ಬಾಜು ನಿಲ್ಲಿಸಿದ್ದ ಕರಿ ಪೆಟ್ಟಿಗೆ. ಅದರ ಆರೋಗ್ಯ ನೋಡುವುದು ನನ್ನ ಕೆಲಸ. ಎಷ್ಟು ಬಿಸಿಯಾಗಿದೆ, ನೆನಪಿನ ಜಾಗ ಎಷ್ಟು ತುಂಬಿದೆ, ಡಿಸ್ಕ್ ಸರಿಯಾಗಿದೆಯೆ, ಎಲ್ಲವನ್ನೂ ಒಂದೇ ಪರದೆಯ ಮೇಲೆ ಸಾಲಾಗಿ ಕಾಣುವಂತೆ ಮಾಡಿದ್ದೆ. ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪಾದರೆ ನನ್ನ ಮೊಬೈಲಿಗೆ ಸಂದೇಶ ಬರುತ್ತಿತ್ತು. ನಾನು ಬಂದ ಮೇಲೆ ವಾರ್ಡಿನಲ್ಲಿ ಕಾಗದದ ರಿಪೋರ್ಟು ನಿಂತು, ಎಲ್ಲರೂ ಪರದೆಯಲ್ಲೇ ನೋಡುವ ಪದ್ಧತಿ ಬಂತು. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮಳೆ ಶುರುವಾದ ಮೇಲೆ ನೆಟ್ ಹೋಗಿ ಬಂದು ಮಾಡತೊಡಗಿತು. ಸರ್ವರಿನ ಅನೇಕ ಕೆಲಸಗಳಲ್ಲಿ ಒಂದು ಚಿಲ್ಲರೆ ಕೆಲಸವಿತ್ತು. ನೆಟ್ಟಿನ ಮೂಲಕ ಹೊರಗಿನಿಂದ ಸರಿಯಾದ ಸಮಯ ಕೇಳಿ ತಿಳಿದುಕೊಂಡು, ಅದನ್ನು ಉಳಿದ ನಾಲ್ಕು ಕಂಪ್ಯೂಟರುಗಳಿಗೆ ಹೇಳುವುದು. ನೆಟ್ ಇಲ್ಲದಾಗ ಅದಕ್ಕೆ ಸಮಯ ಸಿಗುತ್ತಿರಲಿಲ್ಲ. ಸಿಗದಾಗಲೆಲ್ಲ ನನ್ನ ಮೊಬೈಲಿಗೆ ಸಂದೇಶ. ಊಟಕ್ಕೆ ಕೂತರೆ ಟಿಣ್, ಬಸ್ಸಿನಲ್ಲಿ ಟಿಣ್. ಒಂದು ದಿನವಂತೂ ಡಿಸ್ಕ್ ತುಂಬುತ್ತಿದೆ ಎಂಬ ನಿಜವಾದ ಎಚ್ಚರಿಕೆ ಈ ಗದ್ದಲದ ನಡುವೆ ಮುಚ್ಚಿಹೋಯಿತು. ಸಿಟ್ಟು ಬಂದು ಆ ಸಮಯದ ಕೆಲಸವನ್ನೇ ನಿಲ್ಲಿಸಿದೆ. ಎರಡು ತಿಂಗಳಲ್ಲಿ ಗಡಿಯಾರ ಎಷ್ಟು ತಪ್ಪೀತು, ಮಳೆ ಕಡಿಮೆಯಾದ ಮೇಲೆ ಚಾಲೂ ಮಾಡಿದರಾಯಿತು ಅಂದುಕೊಂಡೆ. ಮೊಬೈಲು ತಣ್ಣಗಾಯಿತು. ನಾನು ಅದನ್ನು ಮರೆತೇಬಿಟ್ಟೆ.

ಜುಲೈನಲ್ಲಿ ತಕರಾರು ಶುರುವಾಯಿತು. ಮೊದಲು ಹೇಳಿದವರು ಗಂಗವ್ವ ಸಿಸ್ಟರ್. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೈದು ವರ್ಷ ಕಳೆದವರು; ಮಾತು ಜೋರು, ನಡಿಗೆ ಇನ್ನೂ ಜೋರು.

"ತಂಗಿ, ನಿನ್ನ ಪೆಟಿಗಿ ಇವತ್ತ ಮೂರು ರಿಪೋರ್ಟ್ ನುಂಗೇತಿ ನೋಡವಾ."

ಓಡಿಹೋಗಿ ನೋಡಿದೆ. ವಾರ್ಡಿನ ಪರದೆಯಲ್ಲಿ ಆ ದಿನದ ರಿಪೋರ್ಟುಗಳಿರಲಿಲ್ಲ. ನನ್ನ ಪರದೆಯಲ್ಲಿ ಎಲ್ಲ ಹಸಿರು. ಏನೂ ತಿಳಿಯದೆ ಸರ್ವರನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ. ಅಷ್ಟರಲ್ಲಿ ಲ್ಯಾಬಿನ ಗೌತಮ ಮೂರನ್ನೂ ಮತ್ತೊಮ್ಮೆ ತುಂಬಿದ್ದ. ರಿಪೋರ್ಟು ಕಂಡವು. ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋಗುತ್ತದೆ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಾಲ್ಕು ದಿನಕ್ಕೆ ಮತ್ತೆ ಅದೇ. ಈ ಸಲ ಬಂದ್ ಮಾಡಿ ಚಾಲೂ ಮಾಡಿದರೂ ಬರಲಿಲ್ಲ. ಮರುದಿನ ನಾನು ಏನೂ ಮಾಡದೆಯೇ ಎಲ್ಲ ಸರಿ ಇತ್ತು. ಲ್ಯಾಬಿನ ಕೇಬಲ್ ಕೆಟ್ಟಿರಬಹುದೆಂದು ಅದನ್ನು ಬದಲಿಸಿದೆ. ಹತ್ತು ದಿನ ಒಂದು ತಕರಾರಿಲ್ಲ. ಕೇಬಲ್ಲೇ ಕಾರಣ ಎಂದು ಆಸ್ಪತ್ರೆ ನಡೆಸುತ್ತಿದ್ದ ದೊಡ್ಡ ಡಾಕ್ಟರಿಗೆ ವರದಿ ಕೊಟ್ಟೆ. ಹನ್ನೊಂದನೇ ದಿನ ಗಂಗವ್ವ ಸಿಸ್ಟರ್ ಮತ್ತೆ ಬಾಗಿಲಲ್ಲಿ ನಿಂತಿದ್ದರು. "ಬುಧವಾರ ನುಂಗತೈತಿ, ಗುರುವಾರ ಕಾರತೈತಿ. ಏನ್ ರೋಗಂತ ಇದಕ್ಕ?"

ನನಗೂ ಗೊತ್ತಿರಲಿಲ್ಲ. ಕೆಟ್ಟ ಯಂತ್ರ ಕೆಟ್ಟೇ ಇದ್ದರೆ ಹುಡುಕಬಹುದು. ನೋಡಲು ಹೋದಾಗ ಸರಿ ಇದ್ದು, ಬೆನ್ನು ತಿರುಗಿಸಿದಾಗ ಕೆಡುವುದನ್ನು ಏನೆಂದು ಹುಡುಕುವುದು? ದಾಖಲೆಯ ಸಾಲುಗಳನ್ನು ಓದುತ್ತ ಕೂತರೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನಾನೇ ತಪ್ಪು ಓದುತ್ತಿದ್ದೇನೆ ಅನ್ನಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದೆ. ಕೊನೆಕೊನೆಗೆ ಬೆಳಿಗ್ಗೆ ಬಂದವಳೇ ಮೊದಲು ಗಂಗವ್ವ ಸಿಸ್ಟರ್ ಮುಖ ನೋಡುವುದು ರೂಢಿಯಾಯಿತು. ಅವರು ಸುಮ್ಮನಿದ್ದರೆ ಆ ದಿನ ಪಾರಾದೆ ಅಂತ.

ಗೌತಮನ ಬಗ್ಗೆ ಹೇಳಬೇಕು. ಅಳ್ನಾವರ ಕಡೆಯ ಬೌದ್ಧ ಮನೆತನದವನು. ಅವನ ಮನೆತನದಲ್ಲಿ ಬಿಳಿ ಕೋಟು ಹಾಕಿದ ಮೊದಲಿಗ. ಕೆಲಸದಲ್ಲಿ ಅಚ್ಚುಕಟ್ಟು. ಅವನು ಹಚ್ಚಿದ ಚೀಟಿಗಳು ರಕ್ತದ ಕೊಳವೆಗಳ ಮೇಲೆ ಎಲ್ಲ ಒಂದೇ ಎತ್ತರಕ್ಕೆ ಇರುತ್ತಿದ್ದವು. ಜುಲೈ ಮಧ್ಯದಲ್ಲಿ ಒಂದು ದಿನ ಚಹಾ ಕುಡಿಯುವಾಗ ಅವನು ಹೇಳಿದ್ದ: "ಮೇಡಂ, ನಮ್ಮ ಲ್ಯಾಬಿನ ಕಂಪ್ಯೂಟರ್ ಕರೆಂಟ್ ಹೋಗಿ ಬಂತಂದ್ರ ತಾರೀಖ ಮರೀತೈತ್ರಿ. ಕಂಡಾಗ ನಾ ಸರಿ ಮಾಡ್ತೇನಿ."

"ಅದು ತಾನ ಸರಿ ಆಗ್ತೈತಿ ಬಿಡ್ರಿ, ಸರ್ವರ್ ಹೇಳ್ತೈತಿ" ಅಂದೆ. ಅಂದು, ಬಿಸ್ಕೀಟಿನ ಪುಡಿಕೆಗೆ ಕೈ ಹಾಕಿದೆ.

ಆಗಸ್ಟಿನ ಒಂದು ಮಂಗಳವಾರ ತಂಬೂರು ಹಳ್ಳಿಯ ರೇಣವ್ವ ಬಂದಳು. ಚೊಚ್ಚಲ ಬಸುರಿ, ದಿನ ತುಂಬಿದ್ದವು. ಜೊತೆಯಲ್ಲಿ ಅತ್ತೆ. ಮುಂಜಾನೆ ಗೌತಮ ಅವಳ ರಕ್ತ ತೆಗೆದುಕೊಂಡ. ಮಧ್ಯಾಹ್ನ ನೋವು ಜೋರಾಯಿತು. ವಾರ್ಡಿನ ಪರದೆಯಲ್ಲಿ ಅವಳ ಹೆಸರಿನ ಕೆಳಗೆ ಎಲ್ಲಕ್ಕೂ ಮೇಲಿದ್ದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಹನ್ನೊಂದು ಎಂದಿತ್ತು. ದೊಡ್ಡ ಡಾಕ್ಟರು ಅದನ್ನು ನೋಡಿ, ರಕ್ತ ತರಿಸುವ ಅಗತ್ಯವಿಲ್ಲ ಅಂದರು.

ಗಂಗವ್ವ ಸಿಸ್ಟರ್ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರಂತೆ. ನಾಲಿಗೆ ನೋಡಿದರಂತೆ. ಆಮೇಲೆ ನನ್ನ ಕೋಣೆಗೆ ಬಂದರು.

"ರೇಣವ್ವನ ಇವತ್ತಿನ ರಿಪೋರ್ಟ್ ಎಲ್ಲೈತಿ?"

ನಾನು ಪರದೆ ತಿರುಗಿಸಿ ತೋರಿಸಿದೆ. "ಸರ್ವರ್ ಅಗದಿ ಛಲೋ ಐತ್ರಿ ಅಕ್ಕಾರ. ನೋಡ್ರಿ, ಎಲ್ಲಾ ಹಸರು."

"ಸರ್ವರ್ ಹೆಂಗೈತಿ ಅಂತ ಕೇಳಾಕ ಬಂದಿಲ್ಲ ನಾ. ರೇಣವ್ವಂದ ಕೇಳಾಕತ್ತೇನಿ. ಪರದೇದಾಗ ಹನ್ನೊಂದು ತೋರಸ್ತೈತಿ. ಆ ಕಣ್ಣು ಹನ್ನೊಂದರ ಕಣ್ಣಲ್ಲ."

ಅವರ ಹಿಂದೆಯೇ ಲ್ಯಾಬಿಗೆ ಓಡಿದೆ. ಗೌತಮ ತಲೆಯೆತ್ತಿ, ಕೇಳುವ ಮೊದಲೇ ಹೇಳಿದ: "ಆರೂವರಿ ಐತ್ರಿ. ಹತ್ತೂವರಿಗೇ ತುಂಬೇನಲ್ರಿ? ಅಲ್ಲೆ ಕೆಂಪಕ್ಷರದಾಗ ಕಾಣಬೇಕಿತ್ತು."

ಹನ್ನೊಂದು ಎಂದಿದ್ದ ರಿಪೋರ್ಟು ಎರಡು ತಿಂಗಳ ಹಿಂದಿನದು. ಮೇಲಿರುವುದೇ ಹೊಸದು ಎಂಬ ರೂಢಿಯಲ್ಲಿ, ತಾರೀಖು ನೋಡದೆ, ಅದನ್ನೇ ಎಲ್ಲರೂ ಅವತ್ತಿನದೆಂದು ತಿಳಿದಿದ್ದರು. ಅವಳನ್ನು ಹುಬ್ಬಳ್ಳಿಗೆ ಸಾಗಿಸುವ ಹೊತ್ತು ಮೀರಿತ್ತು. ಅವಳ ರಕ್ತದ ಮಾದರಿ ಹಿಡಿದುಕೊಂಡು ಆಂಬುಲೆನ್ಸ್ ಹುಬ್ಬಳ್ಳಿಗೆ ಹೋಯಿತು, ಹೊಂದುವ ರಕ್ತ ತರಲು. ನಾನು ವಾರ್ಡಿನ ಹೊರಗೆ ನಿಂತೆ. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ನನ್ನ ಕೋಣೆಗೆ ಹೋಗಲು ಕಾಲೂ ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ರೇಣವ್ವನ ಅತ್ತೆ ನನ್ನ ಕೈ ಹಿಡಿದಳು.

"ನೀವು ಡಾಕ್ಟರ್ ಏನ್ರಿ ಯವ್ವಾ?"

"ಅಲ್ರಿ ಆಯಿ. ನಾ ಕಂಪ್ಯೂಟರ್ ನೋಡಾಕಿ."

"ಹಂಗಾರ ಅದರಾಗ ನೋಡಿ ಹೇಳ್ರಿ. ನಮ್ಮ ಹುಡುಗಿ ಉಳೀತಾಳೋ ಇಲ್ಲೊ?"

ನಾನು ಅವಳ ಬಾಜು ಬೆಂಚಿನ ಮೇಲೆ ಕೂತೆ. ಮಳೆಯಲ್ಲಿ ದಾರಿ ಕಾಣದೆ ಗಾಡಿ ತಡವಾಯಿತು. ನಾಲ್ಕು ಗಂಟೆಗೆ ಕೂಸು ಅತ್ತಿತು, ಹೆಣ್ಣು. ಅದರ ಹಿಂದೆಯೇ ಒಳಗಿನಿಂದ ಗಂಗವ್ವ ಸಿಸ್ಟರ್ ದನಿ ಏರಿತು, ಬಟ್ಟೆ ತರ್ರಿ, ಇನ್ನೂ ತರ್ರಿ ಎಂದು. ರೇಣವ್ವನಿಗೆ ರಕ್ತ ಹೋಗುತ್ತಿತ್ತು. ಗಾಡಿಯ ಸದ್ದು ಕೇಳಿದಾಗ ಡ್ರೈವರ್ ಇಳಿಯುವ ಮೊದಲೇ ಗೌತಮ ಅವನ ಕೈಯಿಂದ ರಕ್ತದ ಪೆಟ್ಟಿಗೆ ಕಸಿದುಕೊಂಡು ಒಳಗೆ ಓಡಿದ. ಸಂಜೆ ಆರರ ಹೊತ್ತಿಗೆ ದೊಡ್ಡ ಡಾಕ್ಟರು ಹೊರಗೆ ಬಂದು ಅತ್ತೆಗೆ, "ಉಳಿದ್ಲವಾ" ಎಂದಷ್ಟೇ ಹೇಳಿ, ಯಾರ ಮುಖವನ್ನೂ ನೋಡದೆ ನಡೆದರು.

ಬುಧವಾರ ಮುಂಜಾನೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಆ ಹೊತ್ತಿಗೆ ರಿಪೋರ್ಟು ನನಗೆ ಸಿಕ್ಕಿತ್ತು. ಅದು ಎಲ್ಲೂ ಕಳೆದಿರಲಿಲ್ಲ. ರೇಣವ್ವನ ರಿಪೋರ್ಟುಗಳ ಸಾಲಿನಲ್ಲಿ ಎಲ್ಲಕ್ಕೂ ಕೆಳಗೆ ಕೂತಿತ್ತು, ಹನ್ನೆರಡು ವರ್ಷ ಹಿಂದಿನ ತಾರೀಖು ಹೊತ್ತುಕೊಂಡು. ಪರದೆ ಹೊಸ ತಾರೀಖಿನದನ್ನು ಮೇಲೆ ತೋರಿಸುತ್ತದೆ, ಹಳೆಯದನ್ನು ಕೆಳಗೆ ತಳ್ಳುತ್ತದೆ.

"ಹನ್ನೆರಡು ವರ್ಷದ ಹಿಂದ ಆಕಿ ಪಾಟಿಚೀಲ ಹೊತ್ಕೊಂಡು ಸಾಲಿಗೆ ಹೋಗ್ತಿದ್ಲು" ಎಂದರು ಗಂಗವ್ವ ಸಿಸ್ಟರ್.

ದೊಡ್ಡ ಡಾಕ್ಟರು ಗೌತಮನ ಕಡೆ ತಿರುಗಿದರು. "ತಾರೀಖ ಹಾಕಿದವರು ಯಾರು?"

"ಕಂಪ್ಯೂಟರ್ ತಾನ ಹಾಕ್ತೈತ್ರಿ ಸರ್."

"ಅದರ ಮುಂದ ಕುಂಡ್ರಾಂವ ನೀನಲ್ಲೇನು? ಕಣ್ಣಿಗೆ ಕಾಣಲಿಲ್ಲೇನು?"

ಗೌತಮ ನನ್ನ ಕಡೆ ನೋಡಿದ. ಅವನು ಚಹಾದ ದಿನದ ಮಾತನ್ನು ನೆನಪಿಸಿಕೊಂಡನೋ, ಸುಮ್ಮನೆ ನೋಡಿದನೋ ಗೊತ್ತಿಲ್ಲ. ನಾನು, "ಚೆಕ್ ಮಾಡ್ತೇನ್ರಿ ಸರ್, ಯಾಕ ಹಿಂಗಾತು ಅಂತ" ಅಂದೆ. ನಿಜವಾಗಿ ಆಗ ನನಗೆ ಯಾಕೆಂದು ಗೊತ್ತಿರಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ, ಲ್ಯಾಬಿನ ಕಂಪ್ಯೂಟರಿನ ಒಳಗೆ ತಾರೀಖು ನೆನಪಿಡುವ ಸಣ್ಣ ಸೆಲ್ ಸತ್ತಿತ್ತು. ಕರೆಂಟ್ ಹೋದರೆ ಕಂಪ್ಯೂಟರನ್ನು ಚಾಲೂ ಇಡಬೇಕಾದ ಹೊರಗಿನ ಬ್ಯಾಟರಿಯೂ ಮುಗಿದಿತ್ತು. ಹಾಗಾಗಿ ಕರೆಂಟ್ ಹೋದಾಗಲೆಲ್ಲ ಅದು ತಾನು ತಯಾರಾದ ವರ್ಷಕ್ಕೆ ವಾಪಸು ಹೋಗುತ್ತಿತ್ತು. ಕೇಬಲ್ ಬದಲಿಸಿದ್ದರಿಂದ ಸರಿಹೋಯಿತೆಂದು ನಾನು ತಿಳಿದಿದ್ದ ಹತ್ತು ದಿನ ಕರೆಂಟೇ ಹೋಗಿರಲಿಲ್ಲ. ಇಷ್ಟು ತಿಳಿಯಿತು. ಆದರೆ ಎರಡು ನಿಮಿಷದಲ್ಲಿ ಸರ್ವರು ಅದಕ್ಕೆ ಸರಿಯಾದ ತಾರೀಖು ಹೇಳಬೇಕಿತ್ತು. ಯಾಕೆ ಹೇಳಲಿಲ್ಲ?

ಗುರುವಾರ ಮುಂಜಾನೆ ಸರ್ವರಿನ ಒಳಗಿನ ಸೆಟ್ಟಿಂಗುಗಳನ್ನು ಒಂದೊಂದೇ ಸಾಲಾಗಿ ಓದುತ್ತಿದ್ದೆ. ಸಮಯದ ಕೆಲಸದ ಮುಂದೆ ಒಂದು ಟಿಪ್ಪಣಿ ಇತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: ಸದ್ಯಕ್ಕೆ ಬಂದ್, ಮಳೆ ಕಡಿಮೆಯಾದ ಮೇಲೆ ಚಾಲೂ ಮಾಡುವುದು. ಕೆಳಗೆ ನನ್ನದೇ ಹೆಸರು. ಶೈಲಾ.

ಅದನ್ನು ಬರೆದವಳು ಬೇರೆ ಯಾರೋ ಅನ್ನುವ ಹಾಗೆ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಆ ಕೆಲಸವನ್ನು ಚಾಲೂ ಮಾಡಿ, ಗೌತಮ ಇಲ್ಲದ ಹೊತ್ತಿನಲ್ಲಿ ಲ್ಯಾಬಿಗೆ ಹೋಗಿ, ಅವನ ಕಂಪ್ಯೂಟರಿನ ತಾರೀಖನ್ನು ಬೇಕೆಂದೇ ಕೆಡಿಸಿ ನಿಂತೆ. ಎರಡು ನಿಮಿಷವೂ ಆಗಲಿಲ್ಲ. ಮೂಲೆಯಲ್ಲಿ ಸರಿಯಾದ ತಾರೀಖು ಬಂತು.

ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಸೆಲ್ ಸತ್ತಿದ್ದಕ್ಕೆ ನಾನು ಕಾರಣವೇ? ಬ್ಯಾಟರಿ ಮುಗಿದಿದ್ದಕ್ಕೆ? ಗೌತಮ ಅವತ್ತು ತಾರೀಖು ನೋಡಬಹುದಿತ್ತಲ್ಲ? ಹೀಗೆ ಒಂದರ ಮೇಲೊಂದು ಕಾರಣ ಪೇರಿಸುತ್ತ ಕೂತೆ. ಎಲ್ಲವೂ ಸರಿ ಅನ್ನಿಸುತ್ತಿದ್ದವು, ಮರುಕ್ಷಣ ಒಂದೂ ಸರಿ ಅನ್ನಿಸುತ್ತಿರಲಿಲ್ಲ. ಗಂಗವ್ವ ಸಿಸ್ಟರ್ ಹಾದುಹೋಗುತ್ತ "ಸಿಕ್ತೇನ್ ತಂಗಿ?" ಎಂದು ಕೇಳಿದರು. "ಇನ್ನೂ ನೋಡಾಕತ್ತೇನ್ರಿ ಅಕ್ಕಾರ" ಅಂದೆ. ಆ ಕೆಲಸದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಹಾಗೆ ಕೆಳಗೆ ಹೋಗಿ ಕೂತಿದ್ದ ಬೇರೆ ರಿಪೋರ್ಟುಗಳನ್ನೂ ಹುಡುಕಿದೆ. ಇಪ್ಪತ್ತಮೂರು ಸಿಕ್ಕವು. ಹೆಚ್ಚಿನವನ್ನು ಗೌತಮ ಮತ್ತೆ ತುಂಬಿದ್ದ, ಇಲ್ಲವೆ ಗಂಗವ್ವ ಸಿಸ್ಟರ್ ಲ್ಯಾಬಿಗೇ ಹೋಗಿ ಕೇಳಿ ತಿಳಿದುಕೊಂಡಿದ್ದರು. ಮೂರನ್ನು ಮಾತ್ರ ಯಾರೂ ನೋಡಿರಲಿಲ್ಲ. ಎರಡರಲ್ಲಿ ಚಿಂತೆಯೇನಿರಲಿಲ್ಲ. ಮೂರನೆಯದು ಮಿಶ್ರಿಕೋಟಿಯ ಫಕ್ಕೀರಪ್ಪನದು. ಸಕ್ಕರೆ ಮುನ್ನೂರ ಎಂಬತ್ತು. ಪರೀಕ್ಷೆ ಮಾಡಿಸಿ ಮೂರು ವಾರ ದಾಟಿತ್ತು. ಕೊಟ್ಟ ನಂಬರಿಗೆ ಫೋನ್ ಹತ್ತಲಿಲ್ಲ.

ಶುಕ್ರವಾರ ಗೌತಮನ ಬೈಕಿನಲ್ಲಿ ಇಬ್ಬರೂ ಮಿಶ್ರಿಕೋಟಿಗೆ ಹೋದೆವು. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಮಳೆಯಿಂದಾಗಿ ಎಂದು ತಿಳಿದೆ. ಫಕ್ಕೀರಪ್ಪ ಮನೆಯಲ್ಲಿರಲಿಲ್ಲ, ಗದ್ದೆಯಲ್ಲಿ ಕಳೆ ಕೀಳುತ್ತಿದ್ದ. ನಲವತ್ತೈದರ ಆಳು, ಮಳೆಗೆಂದು ತಲೆಯ ಮೇಲಿಂದ ಹೊದ್ದ ಪ್ಲಾಸ್ಟಿಕ್ ಕೊಪ್ಪೆ. ಬದುವಿಗೆ ಬಂದು ನಿಂತಾಗ ಅವನ ಬಲಗಾಲಿನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಕಂಡಿತು. ಗೌತಮ ವಿಷಯ ಹೇಳಿದ.

"ನೀವು ಯಾರೂ ಏನೂ ಹೇಳಲಿಲ್ಲಲ್ರಿ" ಎಂದ ಫಕ್ಕೀರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಹೇಳಲಿಲ್ಲಂದ್ರ ಎಲ್ಲಾ ಛಲೋ ಐತಿ ಅಂತ ತಿಳಕೊಂಡ್ನಿ. ನೀರಡಿಕಿ ಭಾಳ ಆಗ್ತಿತ್ತು. ಗಾಯ ಮಾಯವಲ್ದು. ಆದ್ರೂ ದವಾಖಾನಿಯವರು ಸುಮ್ಮನದಾರ, ಅಂದಮ್ಯಾಗ ಏನಿಲ್ಲ ಬಿಡು ಅಂದೆ."

ಗೌತಮ ಬಗ್ಗಿ ಬಟ್ಟೆ ಬಿಚ್ಚಿ ಗಾಯ ನೋಡಿದ. ಇವತ್ತೇ ಬರಬೇಕು, ಕಾಲು ಕೆಸರಿಗೆ ಇಡಬಾರದು ಎಂದು ಹೇಳಿ ಒಪ್ಪಿಸಿದ. ಫಕ್ಕೀರಪ್ಪ ಕಾಲು ತೊಳೆಯಲು ಹೋದ. ಬದುವಿನ ಮೇಲೆ ನಾವಿಬ್ಬರೇ ಉಳಿದೆವು. ಹೇಳಿಬಿಟ್ಟೆ. ಜೂನ್‌ನಲ್ಲಿ ನಿಲ್ಲಿಸಿದ್ದು, ಮರೆತದ್ದು, ನನ್ನ ಹೆಸರಿದ್ದ ಸಾಲು ಸಿಕ್ಕಿದ್ದು, ಎಲ್ಲ.

ಅವನು ಗದ್ದೆಯ ಕಡೆ ನೋಡುತ್ತ ಕೇಳಿದ, "ಯಾವಾಗ ಸಿಕ್ತ್ರಿ ಅದು?"

"ನಿನ್ನಿ ಮುಂಜಾನಿ."

"ನಿನ್ನಿ ಸಂಜಿಮುಂದ ದೊಡ್ಡ ಡಾಕ್ಟರು ನನ್ನ ಕಡಿಂದ ಬರಸ್ಕೊಂಡ್ರು. ನನ್ನ ನಿಷ್ಕಾಳಜಿಯಿಂದ ಹಿಂಗಾತು, ಇನ್ನೊಮ್ಮೆ ಮಾಡೂದಿಲ್ಲ ಅಂತ." ಬೈಕಿನ ಕೀಲಿ ಕಿಸೆಯಿಂದ ತೆಗೆಯುತ್ತ ಹೇಳಿದ, "ನಾನೂ ಹಂಗ ತಿಳಕೊಂಡಿದ್ನಿ ಮೇಡಂ. ನಂದ ತಪ್ಪಂತ. ಎರಡು ರಾತ್ರಿ ನಿದ್ದಿ ಹತ್ತಿಲ್ಲ."

ಆಸ್ಪತ್ರೆಗೆ ಬಂದವಳೇ ಒದ್ದೆ ಬಟ್ಟೆಯಲ್ಲೇ ದೊಡ್ಡ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿನ್ನಿ ಮುಂಜಾನಿ ಗೊತ್ತಾಗಿದ್ದು ಇವತ್ತ ಹೇಳಾಕತ್ತೀರಿ. ನಡುವ ಯಾಕ ಸುಮ್ಮನಿದ್ರಿ?" ಎಂದು ಕೇಳಿದರು.

ಇವತ್ತಿಗೂ ಅದನ್ನೇ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಹೆದರಿದ್ದೆನೆ? ಇನ್ನೂ ಖಾತ್ರಿಯಾಗಲಿ ಅಂತ ಕಾದೆನೆ? ಬೈಸಿಕೊಳ್ಳಲು ಬೇರೊಬ್ಬ ಸಿಕ್ಕಿದ್ದಾನೆ ಎಂದು ಒಳಗೆಲ್ಲೋ ಹಗುರವಾಗಿತ್ತೆ? ಒಂದೊಂದು ಸಲ ಒಂದೊಂದು ನಿಜ ಅನ್ನಿಸುತ್ತದೆ. ಸರ್ವರಿನಲ್ಲಾದರೆ ಪ್ರತಿ ಕ್ಷಣಕ್ಕೂ ಒಂದು ಸಾಲು ದಾಖಲಾಗಿರುತ್ತದೆ, ಹಿಂದಕ್ಕೆ ಹೋಗಿ ಓದಬಹುದು. ಆ ಗುರುವಾರ ನನ್ನೊಳಗೆ ಏನಾಯಿತೆಂದು ಓದಲು ಯಾವ ಸಾಲೂ ಇಲ್ಲ.

ದೊಡ್ಡ ಡಾಕ್ಟರು ಕಡತದಿಂದ ಗೌತಮನ ಕಾಗದ ತೆಗೆದು ನನ್ನ ಮುಂದೆ ಚಾಚಿದರು. "ಇದನ್ನ ನೀವ ಹೋಗಿ ಅವನ ಕೈಯಾಗ ಕೊಡ್ರಿ. ಕೊಟ್ಟು, ನಿಮ್ಮದು ಬರಕೊಂಡು ಬರ್ರಿ." ನಾನು ಬಾಗಿಲು ದಾಟುವಾಗ ಮೆತ್ತಗೆ, "ಅವನ ಕೂಡ ನಾನೂ ಮಾತಾಡ್ತೇನಿ" ಅಂದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಬೇಸಿಗೆಯವರೆಗೂ ಅಲ್ಲಿದ್ದೆ. ಲ್ಯಾಬಿನಿಂದ ಕಾಗದದ ರಿಪೋರ್ಟು ಮತ್ತೆ ವಾರ್ಡಿಗೆ ಹೋಗತೊಡಗಿತು, ಪರದೆಯ ಜೊತೆಗೆ. ಫಕ್ಕೀರಪ್ಪನ ಹೆಬ್ಬೆರಳು ಉಳಿಯಲಿಲ್ಲ, ಕಾಲು ಉಳಿಯಿತು. ರೇಣವ್ವ ಕೂಸಿಗೆ ಲಸಿಕೆ ಹಾಕಿಸಲು ಬಂದಾಗ ನಾನು ಕಿಟಕಿಯಿಂದ ನೋಡಿದೆ. ಹೊರಗೆ ಹೋಗಿ ಮಾತಾಡಿಸಬೇಕು ಅನ್ನಿಸಿತು. ಏನೆಂದು ಮಾತಾಡಿಸುವುದು ತಿಳಿಯದೆ ಕೂತಲ್ಲೇ ಉಳಿದೆ. ಅವಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ.

ಆದರೆ ಆ ಮಳೆಗಾಲವೆಂದರೆ ನನಗೆ ಶುಕ್ರವಾರದ ಆ ಸಂಜೆಯೇ. ಕಾಗದ ಹಿಡಿದು, ಒದ್ದೆ ಚಪ್ಪಲಿಗಳನ್ನು ದಾಟಿ, ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿದ್ದ ಲ್ಯಾಬಿನ ಬಾಗಿಲಿಗೆ ಹೋದೆ. ಗೌತಮ ಅದನ್ನು ಬಿಡಿಸಿ ಮೊದಲಿನಿಂದ ಕೊನೆಯವರೆಗೆ ಓದಿದ, ಯಾರೋ ಬೇರೆಯವರು ಬರೆದದ್ದನ್ನು ಓದುವ ಹಾಗೆ.

"ಹರದು ಒಗೀರಿ" ಅಂದೆ.

"ಬ್ಯಾಡ್ರಿ, ಇರ್ಲಿ." ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಬಿಳಿ ಕೋಟಿನ ಕಿಸೆಯಲ್ಲಿಟ್ಟುಕೊಂಡ. "ಮಾಡದ ತಪ್ಪನ್ನ ನಾ ಎಷ್ಟ ಲಗೂನ ಒಪ್ಪಿಕೊಂಡ್ನಿ ನೋಡ್ರಿ. ಅದು ನನಗ ನೆನಪಿರಬೇಕು."

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ನನ್ನ ಹೆಗಲಾಚೆ ನೋಡಿ, ಎಂದಿನ ದನಿಯಲ್ಲೇ ಹೇಳಿದ:

"ಸ್ವಲ್ಪ ಬಾಜು ಸರೀರಿ ಮೇಡಂ, ಹಿಂದ ಪೇಶಂಟ್ ನಿಂತಾರ."

ನಾನು ಸರಿದು ನಿಂತೆ.